ದಿನಬಳಕೆಯ ಕಾರಿಗೆ ಹಗುರ ಪುಲ್ಲಿ: ಒಂಬತ್ತು ತಿಂಗಳ ಬಳಕೆಯ ನಂತರ

ಎಂಜಿನ್ನಿನ ಮುಂಭಾಗದಲ್ಲಿ ಬೆಲ್ಟಿನ ಹಿಂದೆ ಮರೆಯಾಗಿ ತಿರುಗುವ ಕ್ರ್ಯಾಂಕ್ ಪುಲ್ಲಿಯನ್ನು, ಅಂದರೆ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲಿದ್ದು ಬೆಲ್ಟನ್ನು ಓಡಿಸುವ ಗಾಲಿಯನ್ನು, ಕಾರಿನ ಮಾಲೀಕರಲ್ಲಿ ಹೆಚ್ಚಿನವರು ಕಣ್ಣಾರೆ ನೋಡಿರುವುದಿಲ್ಲ. ನಾನೂ ನೋಡಿದವನಲ್ಲ. ಅದನ್ನು ಬಿಚ್ಚಿ ಅದರ ಜಾಗದಲ್ಲಿ ಅಲ್ಯೂಮಿನಿಯಂ ಪುಲ್ಲಿಯೊಂದನ್ನು ಕೂರಿಸಿದ ದಿನ, ಹಳೆಯದನ್ನು ಎಡಗೈಯಲ್ಲೂ ಹೊಸದನ್ನು ಬಲಗೈಯಲ್ಲೂ ಹಿಡಿದು ನಿಂತಾಗ, ಈ ಸಾಮಾನು ಇಷ್ಟು ಜನರನ್ನು ಏಕೆ ಮರುಳು ಮಾಡುತ್ತದೆ ಎಂಬುದು ಅರ್ಥವಾಯಿತು. ತೂಕಕ್ಕಿಟ್ಟರೆ ಹಳೆಯದು 2.1 ಕೆ.ಜಿ., ಹೊಸದು 550 ಗ್ರಾಂ. ಒಂದು ಮಣಿಕಟ್ಟನ್ನು ಕೆಳಗೆ ಎಳೆಯುತ್ತದೆ, ಇನ್ನೊಂದು ಕೈಯಲ್ಲಿರುವುದೇ ಗೊತ್ತಾಗುವುದಿಲ್ಲ. ಕೈಗೆ ಇಷ್ಟು ಸ್ಪಷ್ಟವಾಗಿ ತಿಳಿಯುವ ವ್ಯತ್ಯಾಸ ರಸ್ತೆಯ ಮೇಲೆ ಎಷ್ಟರಮಟ್ಟಿಗೆ ಉಳಿಯುತ್ತದೆ ಎಂಬುದನ್ನು ಒಂಬತ್ತು ತಿಂಗಳು, 11,000 ಕಿ.ಮೀ. ಓಡಿಸಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ನನ್ನದು 1.6 ಲೀಟರ್ ಸಾಮರ್ಥ್ಯದ, ನಾಲ್ಕು ಸಿಲಿಂಡರಿನ, ಟರ್ಬೊ ಇಲ್ಲದ ಪೆಟ್ರೋಲ್ ಕಾರು. ಐದು ಗೇರಿನ ಮ್ಯಾನ್ಯುವಲ್ ಗೇರ್‌ಬಾಕ್ಸ್, ಹೈಡ್ರಾಲಿಕ್ ಪವರ್ ಸ್ಟೀರಿಂಗ್, ಒಟ್ಟು ತೂಕ ಸುಮಾರು 1,100 ಕೆ.ಜಿ. ಒಂದೇ ಉದ್ದನೆಯ ಬೆಲ್ಟು ಆಲ್ಟರ್ನೇಟರ್ (ವಿದ್ಯುತ್ ಉತ್ಪಾದಿಸುವ ಯಂತ್ರ), ವಾಟರ್ ಪಂಪ್, ಸ್ಟೀರಿಂಗ್ ಪಂಪ್ ಮತ್ತು ಎ.ಸಿ. ಕಂಪ್ರೆಸರ್‌ಗಳನ್ನೆಲ್ಲ ತಿರುಗಿಸುತ್ತದೆ. ನಾನು ಕೊಂಡ ಕಿಟ್ಟಿನಲ್ಲಿ ಎರಡು ಪುಲ್ಲಿಗಳಿದ್ದವು. ಕ್ರ್ಯಾಂಕಿನದು ಕೇವಲ ಹಗುರವಲ್ಲ, ವ್ಯಾಸದಲ್ಲಿಯೂ ಸಣ್ಣದು: ಕಾರ್ಖಾನೆಯ ಪುಲ್ಲಿ 140 ಮಿ.ಮೀ. ಇದ್ದರೆ ಇದು 120 ಮಿ.ಮೀ. ಇಂಥದ್ದನ್ನು ಅಂಡರ್‌ಡ್ರೈವ್ ಪುಲ್ಲಿ ಎನ್ನುತ್ತಾರೆ. ಆಲ್ಟರ್ನೇಟರಿನದು ಮೂಲ ವ್ಯಾಸದ್ದೇ, ಲೋಹ ಮಾತ್ರ ಬೇರೆ. ತಯಾರಕರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇದೇ ನಮೂನೆಯ ಪುಲ್ಲಿಗಳನ್ನು ಹಲವರು ಮಾಡುತ್ತಾರೆ, ಮತ್ತು ನನ್ನ ತಕರಾರಿನ ಬಹುಭಾಗ ಒಬ್ಬ ತಯಾರಕರ ಮೇಲಿನದಲ್ಲ, ಈ ಬಗೆಯ ಸಾಮಾನನ್ನು ದಿನವೂ ಓಡುವ ಕಾರಿಗೆ ಹಾಕುವ ಆಲೋಚನೆಯ ಮೇಲಿನದು.

ಕೆಲಸಗಾರಿಕೆಯ ಬಗ್ಗೆ ದೂರಿಲ್ಲ. 6061-ಟಿ6 ದರ್ಜೆಯ ಅಲ್ಯೂಮಿನಿಯಂ ಗಟ್ಟಿಯಿಂದ ಕಡೆದು, ಮೇಲೆ ಕಪ್ಪು ಬಣ್ಣದ ಗಡಸು ಆನೋಡೈಸಿಂಗ್ (ಸವೆತ ತಡೆಯುವ ಗಟ್ಟಿ ಪದರ) ಮಾಡಿದ್ದರು. ಬೆಲ್ಟ್ ಕೂರುವ ತೋಡುಗಳ ಅಂಚುಗಳು ಬೆರಳಿಗೆ ಚುಚ್ಚುತ್ತಿರಲಿಲ್ಲ, ಪುಲ್ಲಿ ದಂಡದ ಮೇಲೆ ಜಾರದಂತೆ ಹಿಡಿಯುವ ಲೋಹದ ತುಂಡಿನ, ಅಂದರೆ ಕೀಲಿಯ, ತೋಡು ಬಿಗಿಯಾಗಿ ಕೂರುತ್ತಿತ್ತು, ಎಂಜಿನ್ನಿನ ಸ್ಥಾನ ಹೊಂದಿಸಲು ಬೇಕಾದ ಟೈಮಿಂಗ್ ಗುರುತನ್ನು ಕೂಡ ಮರೆಯದೆ ಕೆತ್ತಿದ್ದರು. ಕೊರತೆ ಇದ್ದದ್ದು ಜೊತೆಗಿಟ್ಟ ಕಾಗದದಲ್ಲಿ. ನಾಲ್ಕು ಸಾಲಿನ ಆ ಸೂಚನೆಯಲ್ಲಿ ಮೊದಲ ಮೂರು ಸಾಲುಗಳು ಹೊಗಳಿಕೆಗೆ ಮೀಸಲಾಗಿದ್ದು, ಬೋಲ್ಟನ್ನು ಎಷ್ಟು ಬಿಗಿಯಬೇಕು, ಎಷ್ಟು ಉದ್ದದ ಬೆಲ್ಟು ಬೇಕು ಎಂಬ ಎರಡು ಅಗತ್ಯದ ಮಾತುಗಳೇ ಇರಲಿಲ್ಲ. ಬೆಲ್ಟಿನ ಲೆಕ್ಕವನ್ನು ನಾನೇ ಹಾಕಿಕೊಂಡೆ. ಪುಲ್ಲಿಯ ತ್ರಿಜ್ಯ 10 ಮಿ.ಮೀ. ಕಡಿಮೆಯಾದರೆ, ಬೆಲ್ಟು ಅದರ ಸುಮಾರು ಅರ್ಧ ಸುತ್ತನ್ನು ಅಪ್ಪಿಕೊಂಡಿರುವುದರಿಂದ, ಉದ್ದದಲ್ಲಿ ಹತ್ತಿರಹತ್ತಿರ 31 ಮಿ.ಮೀ. ಉಳಿದುಬಿಡುತ್ತದೆ. ಹಳೆಯ ಬೆಲ್ಟನ್ನೇ ಹಾಕಿದರೆ ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರಿನ ತೋಳು ತನ್ನ ಕೊನೆಯ ಅಂಚಿಗೆ ಹೋಗಿ ನಿಂತು, ಬೆಲ್ಟು ಸಡಿಲಾಗಿಯೇ ಉಳಿಯುತ್ತದೆ. ನನ್ನ ಕಾರಿನದು 6ಪಿಕೆ1070, ಅಂದರೆ ಆರು ಏಣುಗಳ, 1,070 ಮಿ.ಮೀ. ಉದ್ದದ ಬೆಲ್ಟು, 1,040ರದ್ದನ್ನು ತಂದು ಹಾಕಬೇಕಾಯಿತು.

ಜೋಡಣೆಯ ಕೆಲಸ ಕೇಳಿದಷ್ಟು ಸುಲಭವಲ್ಲ. ಮುಂದಿನ ಚಕ್ರವನ್ನೂ ಅದರ ಒಳಗಿನ ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆದರೆ ಪುಲ್ಲಿ ಕಾಣುತ್ತದೆ. ಅಲ್ಲಿಂದ ಮುಂದಿನದೆಲ್ಲ ಆ ಒಂದು ಬೋಲ್ಟಿನ ಜೊತೆಗಿನ ಜಗಳ. ಎಂಜಿನ್ ತಿರುಗದಂತೆ, ಕ್ರ್ಯಾಂಕಿನ ಇನ್ನೊಂದು ತುದಿಯ ಭಾರದ ಚಕ್ರವಾದ ಫ್ಲೈವೀಲಿಗೆ ಅಡ್ಡಪಟ್ಟಿ ಕೊಟ್ಟು, ಉದ್ದನೆಯ ಕೊಳವೆ ಸೇರಿಸಿದ ಪಾನಾದ ಮೇಲೆ ಇಬ್ಬರು ಭಾರ ಹಾಕಿದ ಮೇಲೆ ಅದು ಒಂದು ದೊಡ್ಡ ಸದ್ದಿನೊಂದಿಗೆ ಸಡಿಲವಾಯಿತು. ಹಳೆಯ ಪುಲ್ಲಿಯನ್ನು ಎಳೆಯುವಾಗ ಪುಲ್ಲರಿನ (ಎಳೆದು ತೆಗೆಯುವ ಸಾಧನದ) ಕೊಕ್ಕೆಗಳನ್ನು ಹೊರ ಅಂಚಿಗೆ ಸಿಕ್ಕಿಸಬಾರದು, ನಡುವಿನ ಗುಂಬಕ್ಕೇ (ಹಬ್) ಹಿಡಿಸಬೇಕು. ಹೊರಗಿನಿಂದ ಎಳೆದರೆ ಒಳಗಿರುವ ರಬ್ಬರಿನ ಬಳೆ ಹರಿದುಹೋಗಿ, ಮುಂದೊಂದು ದಿನ ಅದನ್ನೇ ಮರಳಿ ಹಾಕುವ ದಾರಿ ಮುಚ್ಚಿಹೋಗುತ್ತದೆ. ಹೊಸ ಬೋಲ್ಟನ್ನು ಕಾರು ತಯಾರಕರ ದುರಸ್ತಿ ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ ಬಿಗಿತ ಅಳೆದು ತೋರಿಸುವ ಟಾರ್ಕ್ ರೆಂಚಿನಲ್ಲಿಯೇ ಬಿಗಿಯಬೇಕು, ಗಾಳಿಯ ಗನ್ನನ್ನು ಅಲ್ಯೂಮಿನಿಯಂ ಗುಂಬದ ಮೇಲೆ ಪ್ರಯೋಗಿಸಬಾರದು. ಕೆಲವು ಎಂಜಿನ್ನುಗಳಲ್ಲಿ ಈ ಬೋಲ್ಟಿನ ಅದುಮುವಿಕೆಯೇ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್ ಚಕ್ರವನ್ನೂ ಹಿಡಿದಿಟ್ಟಿರುತ್ತದೆ, ಅಲ್ಲಿ ಕೀಲಿಯೇ ಇರುವುದಿಲ್ಲ. ಅಂಥ ಎಂಜಿನ್ನಿನ ಬೋಲ್ಟನ್ನು ಸುಮ್ಮನೆ ಸಡಿಲಿಸಿದರೆ ವಾಲ್ವುಗಳ ಲೆಕ್ಕವೇ ತಪ್ಪಿಹೋಗುತ್ತದೆ. ನನ್ನ ಅದೃಷ್ಟಕ್ಕೆ ನನ್ನದರಲ್ಲಿ ಕೀಲಿ ಇತ್ತು.

ಜೊತೆಗಿದ್ದ ಹಿರಿಯ ಮೆಕ್ಯಾನಿಕ್ ಹಳೆಯ ಪುಲ್ಲಿಯನ್ನು ಒಮ್ಮೆ ಕೈಯಲ್ಲಿ ತಿರುಗಿಸಿ ನೋಡಿ, “ಇಷ್ಟು ಭಾರವನ್ನ ಅವರು ಸುಮ್ಮನೆ ಇಟ್ಟಿರೋದಿಲ್ಲ ಸಾರ್” ಎಂದಷ್ಟೇ ಹೇಳಿ ಬದಿಗಿಟ್ಟರು. ಆ ಮಾತಿಗೆ ಆಗ ನಾನು ಬೆಲೆ ಕೊಡಲಿಲ್ಲ.

ಮೊದಲ ಸಲ ಎಂಜಿನ್ ಶುರು ಮಾಡಿ, ಕಾರು ನಿಂತಿದ್ದಂತೆಯೇ ಆಕ್ಸಿಲರೇಟರನ್ನು ಒಮ್ಮೆ ತಟ್ಟಿದಾಗ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಎಂಜಿನ್ನಿನ ಸುತ್ತು ತೋರಿಸುವ ಸೂಜಿ ಮೊದಲಿಗಿಂತ ಚುರುಕಾಗಿ ಮೇಲೇರಿತು, ಕಾಲು ತೆಗೆದ ಕೂಡಲೇ ಅಷ್ಟೇ ಚುರುಕಾಗಿ ಇಳಿಯಿತು. ಗೇರ್ ಇಳಿಸುವಾಗ ಎಂಜಿನ್ನಿನ ವೇಗವನ್ನು ಹೊಂದಿಸಿಕೊಳ್ಳಲು ಕೊಡುವ ಆ ಸಣ್ಣ ತಟ್ಟು ಹೆಚ್ಚು ನಿಖರವಾಯಿತು. ಖಾಲಿ ರಸ್ತೆಯಲ್ಲಿ, ತಿರುವುಗಳ ನಡುವೆ, ಎರಡನೆಯ ಮತ್ತು ಮೂರನೆಯ ಗೇರುಗಳ ಮಧ್ಯೆ ಓಡಾಡುವಾಗ ಅದರ ಸೊಗಸು ನಿಜವಾಗಿಯೂ ತಿಳಿಯುತ್ತದೆ. ಆದರೆ ಇದೇ ಗುಣ ವಾಹನ ದಟ್ಟಣೆಯಲ್ಲಿ ಮುಖ ತಿರುಗಿಸುತ್ತದೆ. ಕ್ಲಚ್ಚನ್ನು ಬಿಡುವಾಗ ಎಂಜಿನ್ನಿನ ವೇಗವನ್ನು ಕ್ಷಣಕಾಲ ಹಿಡಿದಿಡುತ್ತಿದ್ದ ತಿರುಗುವ ಭಾರ ಕಡಿಮೆಯಾದ್ದರಿಂದ, ಮೊದಲ ವಾರದಲ್ಲಿ ಮೂರು ಬಾರಿ ಕಾರು ಸಿಗ್ನಲ್ಲಿನಲ್ಲಿ ಬಂದಾಯಿತು. ಎ.ಸಿ. ಕಂಪ್ರೆಸರ್ ಹಿಡಿದುಕೊಳ್ಳುವ ಪ್ರತಿ ಸಲವೂ ಸೂಜಿ ಕೆಳಗೆ ಕುಸಿದು, ಕಂಪ್ಯೂಟರು ಎಚ್ಚೆತ್ತು ಮೇಲೆತ್ತುತ್ತಿತ್ತು. ಕಾಲು ಹೊಸ ಅಭ್ಯಾಸಕ್ಕೆ ಹೊಂದಿಕೊಂಡಿತು, ಕುಸಿತ ಮಾತ್ರ ಕೊನೆಯವರೆಗೂ ಉಳಿಯಿತು.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ವೇಗ ಹೆಚ್ಚಿತೇ? ಇಲ್ಲಿ ಅನುಭವಕ್ಕಿಂತ ಲೆಕ್ಕ ಹೆಚ್ಚು ನಂಬಿಕೆಗೆ ಅರ್ಹ, ಏಕೆಂದರೆ ಹಣ ಕೊಟ್ಟು ಕೊಂಡವನ ಬೆನ್ನು ಸೀಟಿಗೆ ಒತ್ತಿದಂತೆ ಭಾಸವಾಗುವುದು ಸಹಜ. ತಿರುಗುವ ವಸ್ತುವಿನ ಜಡತ್ವ ತೂಕವನ್ನಷ್ಟೇ ಅವಲಂಬಿಸದೆ, ಆ ತೂಕ ನಡುವಿನಿಂದ ಎಷ್ಟು ದೂರದಲ್ಲಿದೆ ಎಂಬುದರ ವರ್ಗವನ್ನು ಅವಲಂಬಿಸುತ್ತದೆ. ಫ್ಲೈವೀಲ್ ದೊಡ್ಡದು, ಅದರ ಭಾರವೆಲ್ಲ ಅಂಚಿನಲ್ಲಿದೆ, ಪುಲ್ಲಿ ಅಂಗೈಯಗಲದ್ದು. ನನ್ನ ಹಳೆಯ ಪುಲ್ಲಿಯ ಜಡತ್ವ ಅಂದಾಜು 0.006 ಕೆ.ಜಿ.-ಚದರ ಮೀಟರ್, ಹೊಸದರದ್ದು 0.001, ಉಳಿತಾಯ 0.005. ಎಂಟು ಕೆ.ಜಿ. ತೂಗುವ ಸಾಮಾನ್ಯ ಫ್ಲೈವೀಲಿನದು 0.07ರ ಆಸುಪಾಸಿನಲ್ಲಿರುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಈ ಉಳಿತಾಯವನ್ನು ಕಾರಿನ ತೂಕದ ಭಾಷೆಗೆ ತರಬಹುದು. ಎಂಜಿನ್ನಿಗೂ ಚಕ್ರಕ್ಕೂ ನಡುವಿನ ಒಟ್ಟು ಗೇರ್ ಅನುಪಾತವನ್ನು ಟೈರಿನ ತ್ರಿಜ್ಯದಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿ, ಜಡತ್ವದಿಂದ ಗುಣಿಸಿದರೆ ಸಾಕು. ಮೊದಲ ಗೇರಿನಲ್ಲಿ ಒಟ್ಟು ಅನುಪಾತ 14ಕ್ಕೆ ಸ್ವಲ್ಪ ಮೇಲಿದ್ದು ಟೈರಿನ ತ್ರಿಜ್ಯ 29 ಸೆಂ.ಮೀ. ಇರುವ ನನ್ನ ಕಾರಿಗೆ, ಇದು ಸುಮಾರು 12 ಕೆ.ಜಿ. ಇಳಿಸಿದ್ದಕ್ಕೆ ಸಮ, ಡಿಕ್ಕಿಯಿಂದ ಸಾಮಾನು ತುಂಬಿದ ಒಂದು ಸಣ್ಣ ಸೂಟ್‌ಕೇಸನ್ನು ತೆಗೆದಂತೆ. ಐದನೆಯ ಗೇರಿನಲ್ಲಿ ಅದೇ ಲೆಕ್ಕ 700 ಗ್ರಾಮನ್ನೂ ಮುಟ್ಟುವುದಿಲ್ಲ. ಅಂದರೆ 1,100 ಕೆ.ಜಿ.ಯ ಕಾರಿಗೆ ಮೊದಲ ಗೇರಿನಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಲಾಭ, ಮೇಲಿನ ಗೇರುಗಳಲ್ಲಿ ಏನೂ ಇಲ್ಲ ಎನ್ನುವಷ್ಟು ಲಾಭ. ನಿಂತಲ್ಲಿ ಆಕ್ಸಿಲರೇಟರ್ ತಟ್ಟಿದಾಗ ವ್ಯತ್ಯಾಸ ಎದ್ದು ಕಾಣುವುದಕ್ಕೂ ಕಾರಣ ಇದೇ: ಆಗ ಎಂಜಿನ್ನು ಹೊರಬೇಕಾದದ್ದು ತನ್ನದೇ ತಿರುಗುವ ಭಾಗಗಳನ್ನು ಮಾತ್ರ, ಕಾರನ್ನಲ್ಲ.

ಡೈನೊ (ಎಂಜಿನ್ನಿನ ಶಕ್ತಿ ಅಳೆಯುವ ಯಂತ್ರ) ಮೇಲೆ ಹತ್ತು ಅಶ್ವಶಕ್ತಿ ಹೆಚ್ಚಿತು ಎಂಬಂಥ ಮಾತುಗಳನ್ನೂ ಇದೇ ತಕ್ಕಡಿಯಲ್ಲಿ ತೂಗಬಹುದು. ಹತ್ತು ಸೆಕೆಂಡಿನಲ್ಲಿ ಎಂಜಿನ್ ನಿಮಿಷಕ್ಕೆ 1,500ರಿಂದ 6,500 ಸುತ್ತಿಗೆ ಏರುವ ಓಟದಲ್ಲಿ, ಹಗುರವಾದ ಪುಲ್ಲಿ ಬಿಡುಗಡೆ ಮಾಡುವ ತಿರುಗುಬಲ ಒಂದು ನ್ಯೂಟನ್-ಮೀಟರಿನ ಕಾಲು ಭಾಗ. 6,000 ಸುತ್ತಿನಲ್ಲಿ ಅದು ಕಾಲು ಅಶ್ವಶಕ್ತಿಗಿಂತ ಕಡಿಮೆ. ಸ್ಥಿರ ವೇಗದಲ್ಲಿ ಓಡುವಾಗಲಂತೂ ಪುಲ್ಲಿಯ ತೂಕಕ್ಕೆ ಪಾತ್ರವೇ ಇಲ್ಲ, ಏಕೆಂದರೆ ಜಡತ್ವ ತೆರಿಗೆ ಹಾಕುವುದು ವೇಗದ ಬದಲಾವಣೆಗೆ, ವೇಗಕ್ಕಲ್ಲ. ಇಂಧನ ಉಳಿಯುತ್ತದೆ ಎಂದು ಕೊಂಡವರು ಈ ಒಂದು ವಾಕ್ಯವನ್ನು ಮೊದಲೇ ಯೋಚಿಸಿದ್ದರೆ ನಿರಾಸೆ ತಪ್ಪುತ್ತಿತ್ತು. ಟ್ಯಾಂಕ್ ತುಂಬಿಸಿ ತುಂಬಿಸಿ ಅಳೆದ ನನ್ನ ಲೆಕ್ಕದ ಪುಸ್ತಕದಲ್ಲಿ ಹಿಂದಿನ ತಿಂಗಳುಗಳಿಗೂ ಈ ತಿಂಗಳುಗಳಿಗೂ ಗೆರೆ ಎಳೆಯಬಹುದಾದ ವ್ಯತ್ಯಾಸ ಸಿಗಲಿಲ್ಲ.

ಹಾಗಾದರೆ ವ್ಯಾಸ ಕಿರಿದಾಗಿಸಿದ್ದರಿಂದ ಆದ ಪ್ರಯೋಜನವೇನು? ಬೆಲ್ಟಿಗೆ ಜೋತುಬಿದ್ದ ಯಂತ್ರಗಳೆಲ್ಲ ನೂರಕ್ಕೆ 14ರಷ್ಟು ನಿಧಾನವಾಗಿ ತಿರುಗುತ್ತವೆ, ಆದ್ದರಿಂದ ಅವು ಕಡಿಮೆ ಶಕ್ತಿ ತಿನ್ನುತ್ತವೆ ಎಂಬುದು ವಾದ. ವಾಟರ್ ಪಂಪಿನ ಮಟ್ಟಿಗೆ ಇದು ನಿಜ, ಕೇಳಲು ಆಕರ್ಷಕವೂ ಹೌದು: ಕೇಂದ್ರಾಪಗಾಮಿ ಪಂಪು ಬೇಡುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿರುವುದರಿಂದ, ವೇಗ 14 ಪಾಲು ಇಳಿದರೆ ಶಕ್ತಿ 37 ಪಾಲು ಇಳಿಯುತ್ತದೆ. ಆದರೆ ಇಳಿಯುವುದು ಮೊದಲೇ ಸಣ್ಣದಾದ ಒಂದು ಖರ್ಚು. ದೊಡ್ಡ ಖರ್ಚಿನ ಯಂತ್ರವಾದ ಆಲ್ಟರ್ನೇಟರಿನ ವಿಷಯದಲ್ಲಿ ವಾದ ಕುಸಿಯುತ್ತದೆ. ಎರಡು ಹೆಡ್‌ಲೈಟ್ ಬಲ್ಬುಗಳು 110 ವ್ಯಾಟ್ ಕೇಳುತ್ತಿದ್ದರೆ, ಆಲ್ಟರ್ನೇಟರ್ ನಿಧಾನವಾಗಿ ತಿರುಗಲಿ, ವೇಗವಾಗಿ ತಿರುಗಲಿ, ಆ 110 ವ್ಯಾಟನ್ನು ಒದಗಿಸಲೇಬೇಕು. ನಿಧಾನವಾದರೆ ವೋಲ್ಟೇಜನ್ನು ಕಾಯುವ ರೆಗ್ಯುಲೇಟರು ಅದರ ಕಾಂತಕ್ಷೇತ್ರವನ್ನು ಬಲಪಡಿಸಿ ಅಷ್ಟನ್ನೇ ಹಿಂಡಿ ತೆಗೆಯುತ್ತದೆ. ಬೇರಿಂಗು ಮತ್ತು ಒಳಗಿನ ಫ್ಯಾನಿನ ಸಣ್ಣ ಉಳಿತಾಯ ಬಿಟ್ಟರೆ ಬೇರೇನೂ ಇಲ್ಲ. ಅಷ್ಟೇ ಅಲ್ಲ, ಅದೇ ಶಕ್ತಿಯನ್ನು ನಿಧಾನವಾದ ಬೆಲ್ಟಿನ ಮೂಲಕ ಸಾಗಿಸಬೇಕೆಂದರೆ ಬೆಲ್ಟಿನ ಮೇಲಿನ ಎಳೆತ ಸುಮಾರು 17 ಪಾಲು ಹೆಚ್ಚಬೇಕು. ತೇವದ ಬೆಳಗುಗಳಲ್ಲಿ, ಹಿಂದೆಂದೂ ಬಾಯಿಬಿಡದ ನನ್ನ ಬೆಲ್ಟು, ಕಾರು ಶುರುವಾದ ಮೊದಲ ನಿಮಿಷ ಕೀಚಲು ದನಿ ತೆಗೆಯುತ್ತಿದ್ದುದಕ್ಕೆ ನಾನು ಕಂಡುಕೊಂಡ ವಿವರಣೆ ಇದು.

ನಿಧಾನವಾದ ಆಲ್ಟರ್ನೇಟರಿನ ನಿಜವಾದ ಬೆಲೆ ತಿಳಿದದ್ದು ಒಂದು ಮಳೆಯ ರಾತ್ರಿ. ಹೆಡ್‌ಲೈಟು, ವೈಪರು, ಹಿಂದಿನ ಗಾಜಿನ ಹೀಟರು, ಎ.ಸಿ.ಯ ಫ್ಯಾನು ಎಲ್ಲವೂ ಒಟ್ಟಿಗೆ ನಡೆಯುತ್ತಿದ್ದಾಗ ಸಿಗ್ನಲ್ಲಿನಲ್ಲಿ ನಿಂತರೆ, ಮುಂದಿನ ಕಾರಿನ ಹಿಂಬದಿಯಲ್ಲಿ ಬಿದ್ದಿದ್ದ ನನ್ನ ಬೆಳಕು ಹಳದಿಯಾಗಿ ಕುಗ್ಗುವುದು, ಕಾಲು ಒತ್ತಿದರೆ ಮತ್ತೆ ಬೆಳ್ಳಗಾಗುವುದು ಕಣ್ಣಿಗೇ ಕಾಣುತ್ತಿತ್ತು. ವೈಪರಿನ ಕಡ್ಡಿಗಳೂ ಅದೇ ತಾಳಕ್ಕೆ ನಿಧಾನವಾಗುತ್ತಿದ್ದವು. ಮರುದಿನ ಎಲ್ಲವನ್ನೂ ಹಾಕಿಟ್ಟು ಬ್ಯಾಟರಿಯ ಮೇಲೆ ಮೀಟರ್ ಹಿಡಿದರೆ 12.5 ವೋಲ್ಟ್ ತೋರಿಸಿತು. ಓಡುವ ಎಂಜಿನ್ನಿನಲ್ಲಿ 13.8ರಿಂದ 14.4ರೊಳಗೆ ಇರಬೇಕಾದ ಸಂಖ್ಯೆ ಅದು, 12.5 ಎಂದರೆ ಬ್ಯಾಟರಿ ತುಂಬಿಕೊಳ್ಳುತ್ತಿಲ್ಲ, ಖಾಲಿಯಾಗುತ್ತಿದೆ. ಎಂಜಿನ್ ನಿಮಿಷಕ್ಕೆ 750 ಸುತ್ತು ತಿರುಗುವಾಗ ಹಿಂದೆ ಆಲ್ಟರ್ನೇಟರ್ 1,875 ಸುತ್ತು ತಿರುಗುತ್ತಿತ್ತು, ಈಗ 1,600. ನೋಡಲು ದೊಡ್ಡ ಇಳಿಕೆಯೇನೂ ಅಲ್ಲ, ಆದರೆ ಆಲ್ಟರ್ನೇಟರಿನ ಉತ್ಪಾದನೆ ಕಡಿದಾಗಿ ಏರುವ ಭಾಗ ಇದೇ ಆದ್ದರಿಂದ, ಇಲ್ಲಿ ಸುತ್ತಿನಲ್ಲಿ ಸ್ವಲ್ಪ ಕಳೆದುಕೊಂಡರೆ ವಿದ್ಯುತ್ತಿನಲ್ಲಿ ಬಹಳ ಕಳೆದುಕೊಳ್ಳುತ್ತೇವೆ. ದಿನದ ಓಡಾಟದಲ್ಲಿ ಅರ್ಧ ಸಮಯ ನಿಂತೇ ಇರುವ ಕಾರಿಗೆ ಇದು ಸಣ್ಣ ತೊಂದರೆಯಲ್ಲ.

ಉಳಿದವುಗಳ ಕಥೆಯೂ ಇದೇ. ನಿಂತಾಗ ಎ.ಸಿ.ಯ ತಂಪು ಕಡಿಮೆಯಾಯಿತು, ನಿಲ್ಲಿಸುವ ಜಾಗದಲ್ಲಿ ಸ್ಟೀರಿಂಗ್ ತುಸು ಗಟ್ಟಿಯಾಯಿತು. ಎಂಜಿನ್ನಿನ ತಾಪ ತೋರಿಸುವ ಸೂಜಿ ಮಾತ್ರ ನಡುವಿನಿಂದ ಅಲುಗಲಿಲ್ಲ. ಆದರೆ ಆ ಸೂಜಿಯನ್ನು ತಾಪದ ಸಣ್ಣ ಏರಿಳಿತಕ್ಕೆ ಅಲುಗದಂತೆಯೇ ಮಾಡಿರುತ್ತಾರೆ. ಎಂಜಿನ್ನಿನ ಕಂಪ್ಯೂಟರಿನ ಅಂಕಿಗಳನ್ನು ಓದುವ ಸ್ಕ್ಯಾನರ್ ಚುಚ್ಚಿ ನೋಡಿದರೆ, ಸೆಕೆಯ ಮಧ್ಯಾಹ್ನ ದಟ್ಟಣೆಯಲ್ಲಿ ರೇಡಿಯೇಟರ್ ಫ್ಯಾನು ಮೊದಲಿಗಿಂತ ಹೆಚ್ಚು ಹೊತ್ತು ತಿರುಗಿದ ಮೇಲಷ್ಟೇ ತಾಪ ಇಳಿಯುತ್ತಿತ್ತು.

ಇಷ್ಟೆಲ್ಲ ಇದ್ದರೂ ಒಗ್ಗಿಕೊಂಡು ಹೋಗಬಹುದಿತ್ತು. ಅದೇ ವ್ಯಾಸದ, ಕೇವಲ ಹಗುರವಾದ ಪುಲ್ಲಿಯನ್ನು ಹಾಕಿಕೊಂಡರೆ ಈ ತೊಂದರೆಗಳಲ್ಲಿ ಮುಕ್ಕಾಲು ಪಾಲು ಇರುವುದೂ ಇಲ್ಲ. ಆದರೆ ವ್ಯಾಸ ಬದಲಿಸಿದರೂ ಬದಲಿಸದಿದ್ದರೂ ಉಳಿಯುವ, ಕಿವಿಗೂ ಕೈಗೂ ಸಿಗದ ಒಂದು ತೊಂದರೆಯಿದೆ. ಮೆಕ್ಯಾನಿಕ್ ಹೇಳಿದ ಆ ಒಂದು ಸಾಲು ಅದರ ಬಗ್ಗೆ. ಕಾರ್ಖಾನೆಯ ಕ್ರ್ಯಾಂಕ್ ಪುಲ್ಲಿಯನ್ನು ಬೆಳಕಿಗೆ ಹಿಡಿದು ನೋಡಿದರೆ ನಡುವಿನ ಗುಂಬಕ್ಕೂ ಹೊರಗಿನ ಭಾರವಾದ ಬಳೆಗೂ ನಡುವೆ ಬೆರಳ ದಪ್ಪಕ್ಕಿಂತ ಕಡಿಮೆ ಅಗಲದ ಕಪ್ಪು ರಬ್ಬರಿನ ಪಟ್ಟಿ ಕಾಣುತ್ತದೆ. ಹಾಗಿದ್ದರೆ ಅದು ಬರೀ ಪುಲ್ಲಿಯಲ್ಲ, ಡ್ಯಾಂಪರ್.

ಕ್ರ್ಯಾಂಕ್‌ಶಾಫ್ಟು ಉಕ್ಕಿನದಾದರೂ ಪೂರ್ತಿ ಗಡಸಲ್ಲ. ಪ್ರತಿ ಸಿಲಿಂಡರಿನ ಸ್ಫೋಟವೂ ಅದನ್ನು ಒದ್ದೆ ಬಟ್ಟೆ ಹಿಂಡಿದಂತೆ ಕೂದಲೆಳೆಯಷ್ಟು ತಿರುಚಿ ಬಿಡುತ್ತದೆ, ಅದು ಮರಳಿ ಬಿಚ್ಚಿಕೊಂಡು ಎದುರು ದಿಕ್ಕಿಗೆ ಹೋಗುತ್ತದೆ, ಮತ್ತೆ ಬರುತ್ತದೆ. ಈ ತಿರುಚಾಟಕ್ಕೆ ತನ್ನದೇ ಆದ ಒಂದು ಸಹಜ ಆವರ್ತನವಿದೆ. ಸ್ಫೋಟಗಳ ಲಯ ಅದರೊಂದಿಗೆ ಕೂಡಿಬಂದರೆ, ಸರಿಯಾದ ಹೊತ್ತಿಗೆ ತಳ್ಳಿದ ಉಯ್ಯಾಲೆಯ ಹಾಗೆ ತಿರುಚಾಟ ಬೆಳೆಯುತ್ತಾ ಹೋಗುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಒಂದು ಸುತ್ತಿಗೆ ಎರಡು ಸ್ಫೋಟಗಳು. ಅವುಗಳ ಒಳಗೆ ಸುತ್ತಿಗೆ ನಾಲ್ಕು ಸಲ, ಆರು ಸಲ ಬಡಿಯುವ ಲಯಗಳೂ, ಅಂದರೆ ನಾಲ್ಕರ, ಆರರ ಗುಣಕಗಳೂ ಅಡಗಿರುತ್ತವೆ. ಸಹಜ ಆವರ್ತನ 400 ಹರ್ಟ್ಸ್ ಎಂದಿಟ್ಟುಕೊಂಡರೆ, ನಾಲ್ಕರ ಗುಣಕ ಅದನ್ನು ಮುಟ್ಟುವುದು 6,000 ಸುತ್ತಿನಲ್ಲಿ, ಆರರ ಗುಣಕ ಮುಟ್ಟುವುದು 4,000 ಸುತ್ತಿನಲ್ಲಿ. ಎರಡನೆಯದು ಯಾವ ರೇಸಿನ ಸಂಖ್ಯೆಯೂ ಅಲ್ಲ, ಮುಂದಿನ ವಾಹನವನ್ನು ಹಿಂದಿಕ್ಕುವಾಗ ಎಲ್ಲರೂ ದಾಟುವ ಸಂಖ್ಯೆ.

ಹೊರಗಿನ ಭಾರದ ಬಳೆ ಒಂದೇ ವೇಗದಲ್ಲಿ ತಿರುಗಲು ಬಯಸುತ್ತದೆ. ಗುಂಬ ಹಿಂದೆ ಮುಂದೆ ಜಗ್ಗುತ್ತದೆ. ನಡುವಿನ ರಬ್ಬರು ಆ ಜಗ್ಗಾಟವನ್ನು ನುಂಗಿ ಬಿಸಿಯಾಗುತ್ತದೆ. ಬಳೆಯ ತೂಕವನ್ನೂ ರಬ್ಬರಿನ ಬಿಗಿತವನ್ನೂ ಆ ಎಂಜಿನ್ನಿನ ಆವರ್ತನಕ್ಕೆಂದೇ ಹೊಂದಿಸಿರುತ್ತಾರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಉದ್ದನೆಯ ಆರು ಸಿಲಿಂಡರಿನ ಎಂಜಿನ್ನುಗಳ ಕ್ರ್ಯಾಂಕ್‌ಶಾಫ್ಟುಗಳು ಮುರಿಯುತ್ತಿದ್ದ ಕಾಲದಲ್ಲಿ, ಇಂಗ್ಲೆಂಡಿನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ ಕಟ್ಟಿದ ಡ್ಯಾಂಪರಿಗೆ ಇಂದಿಗೂ ಅವರ ಹೆಸರಿದೆ. ಎಂದರೆ ಈ ಭಾರ ನೂರು ವರ್ಷಕ್ಕೂ ಹಿಂದೆ ಮುರಿದ ಲೋಹದಿಂದ ಕಲಿತ ಪಾಠ. ಅದನ್ನು ನಾನು ಒಂದು ಮಧ್ಯಾಹ್ನದಲ್ಲಿ ಬಿಚ್ಚಿ ಬದಿಗಿಟ್ಟಿದ್ದೆ.

ಮಾರುವವರ ಬಳಿ ಇದಕ್ಕೆ ಸಿದ್ಧ ಉತ್ತರವಿದೆ: ನಿಮ್ಮ ಎಂಜಿನ್ನನ್ನು ಒಳಗೇ ಸಮತೋಲನಗೊಳಿಸಿದ್ದಾರೆ, ಹೊರಗಿನ ಪುಲ್ಲಿಗೆ ಕೆಲಸವಿಲ್ಲ ಎಂದು. ನನಗೂ ಇದೇ ಉತ್ತರ ಬಂದಿತ್ತು, ನಾನು ಒಪ್ಪಿಯೂ ಇದ್ದೆ. ಸಮತೋಲನ ಎನ್ನುವುದು ತಿರುಗುವ ಭಾರ ಒಂದು ಕಡೆಗೆ ಹೆಚ್ಚು ಎಳೆಯದಂತೆ ನೋಡಿಕೊಳ್ಳುವ ವಿಷಯ. ತಿರುಚಾಟಕ್ಕೂ ಅದಕ್ಕೂ ಸಂಬಂಧವಿಲ್ಲ. ಕುಂದಿಲ್ಲದಂತೆ ಸಮತೋಲನಗೊಂಡ ಕ್ರ್ಯಾಂಕ್‌ಶಾಫ್ಟೂ ಚೆನ್ನಾಗಿಯೇ ತಿರುಚಿಕೊಳ್ಳುತ್ತದೆ. ರೇಸಿನ ಕಾರುಗಳಲ್ಲಿ ಹಾಕುತ್ತಾರಲ್ಲ ಎನ್ನುವವರಿಗೆ ಎರಡು ಮಾತು: ಆ ಎಂಜಿನ್ನುಗಳನ್ನು ಆಗಾಗ ಬಿಚ್ಚಿ ಪರೀಕ್ಷಿಸುತ್ತಾರೆ, ಮತ್ತು ಶಕ್ತಿಶಾಲಿ ರೇಸ್ ಎಂಜಿನ್ನುಗಳಲ್ಲಿ ಡ್ಯಾಂಪರನ್ನು ಕಿತ್ತುಹಾಕುವುದಕ್ಕಿಂತ ಇನ್ನೂ ಒಳ್ಳೆಯ ಡ್ಯಾಂಪರನ್ನು ಹಾಕುವುದೇ ರೂಢಿ, ಅಂಥವುಗಳ ಸುರಕ್ಷತೆಗೆಂದೇ ರೇಸಿನ ಬಿಡಿಭಾಗಗಳಿಗೆ ಮಾನದಂಡ ರೂಪಿಸುವ ಅಮೆರಿಕದ ಎಸ್‌ಎಫ್‌ಐ ಸಂಸ್ಥೆಯ 18.1 ಎಂಬ ಮಾನದಂಡವಿದೆ.

“ನನ್ನ ಕಾರಿನಲ್ಲಿ ಹಾಕಿ ವರ್ಷವಾಯಿತು, ಯಾವ ಕಂಪನವೂ ಇಲ್ಲ” ಎಂಬ ಮಾತನ್ನು ಬಹಳ ಕೇಳಿದ್ದೇನೆ. ನನ್ನ ಕಾರಿನಲ್ಲಿಯೂ ಇರಲಿಲ್ಲ. ಅದು ಸಾಕ್ಷಿಯಾಗುವುದಿಲ್ಲ, ಏಕೆಂದರೆ ಈ ತಿರುಚಾಟ ಸೀಟಿಗೆ, ಸ್ಟೀರಿಂಗಿಗೆ ಬರುವ ಜಾತಿಯದಲ್ಲ; ಕ್ರ್ಯಾಂಕಿನ ಒಳಗೇ ನಡೆದು, ಆಯಿಲ್ ಪಂಪಿನ ಹಲ್ಲುಗಳಲ್ಲಿ, ಕೀಲಿಯಲ್ಲಿ, ಬೋಲ್ಟಿನಲ್ಲಿ, ಕೊನೆಗೆ ಲೋಹದ ದಣಿವಿನಲ್ಲಿ ಪ್ರಕಟವಾಗುತ್ತದೆ. ಗಿಡ್ಡನೆಯ ಕ್ರ್ಯಾಂಕಿನ ನಾಲ್ಕು ಸಿಲಿಂಡರು ಇದನ್ನು ಬಹುಕಾಲ ಸಹಿಸಬಹುದು, ಉದ್ದನೆಯ ಆರು ಸಿಲಿಂಡರಿನ ಸಾಲು ಎಂಜಿನ್ನು ಅಷ್ಟು ಸಹಿಸದು. ಡೀಸೆಲ್ ಎಂಜಿನ್ ಇರುವವರು ಈ ಯೋಚನೆಯನ್ನೇ ಬಿಡುವುದು ಒಳಿತು; ಅಲ್ಲಿನ ಸ್ಫೋಟಗಳ ಹೊಡೆತವೇ ಬೇರೆ.

ನನ್ನ ನಿರ್ಧಾರಕ್ಕೆ ಕಾರಣವಾದದ್ದು ಮಾತ್ರ ಇಷ್ಟು ದೊಡ್ಡ ಸಂಗತಿಯಲ್ಲ. ಒಂಬತ್ತನೆಯ ತಿಂಗಳಿನಲ್ಲಿ ಎಂಜಿನ್ನಿನ ಮುಂದಿನ ಕೆಳ ಅಂಚಿನಲ್ಲಿ ಎಣ್ಣೆಯ ಪಸೆ ಕಂಡಿತು. ಪುಲ್ಲಿಯನ್ನು ಬಿಚ್ಚಿ ಒರೆಸಿ ನೋಡಿದರೆ, ಗುಂಬದ ಮೇಲೆ, ಎಣ್ಣೆ ಹೊರಬಾರದಂತೆ ತಡೆಯುವ ಆಯಿಲ್ ಸೀಲಿನ ತುಟಿ ಉಜ್ಜುವ ಜಾಗದಲ್ಲಿ ಕಪ್ಪು ಆನೋಡೈಸಿಂಗ್ ಪೂರ್ತಿ ಸವೆದು, ಬೆಳ್ಳಗಿನ ಒಂದು ಉಂಗುರ ಮೂಡಿತ್ತು. ಉಗುರನ್ನು ಅಡ್ಡಕ್ಕೆ ಎಳೆದರೆ ಆ ಉಂಗುರದಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಸೀಲು ರಬ್ಬರಿನದೇ, ಆದರೆ ಅದರ ತುಟಿಗೆ ಅಂಟಿದ ಧೂಳು ಮರಳುಕಾಗದದ ಕೆಲಸ ಮಾಡುತ್ತದೆ. ಉಕ್ಕು ಅದನ್ನು ತಡೆಯುತ್ತದೆ, ಅಲ್ಯೂಮಿನಿಯಂ ತಡೆಯಲಿಲ್ಲ. ಆ ಭಾಗಕ್ಕೆ ಒಂದು ತೆಳುವಾದ ಉಕ್ಕಿನ ಬಳೆಯನ್ನು (ಸ್ಲೀವ್) ಒತ್ತಿ ಕೂರಿಸಿದ್ದರೆ ಹೀಗಾಗುತ್ತಿರಲಿಲ್ಲ, ಹಾಗೆ ಮಾಡುವ ತಯಾರಕರೂ ಇದ್ದಾರೆ. ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆಗಳಲ್ಲಿ ಇದನ್ನು ಮೊದಲಿಗೆ ಇಡುತ್ತೇನೆ. ಬೆಲ್ಟಿನ ತೋಡುಗಳ ತುದಿಗಳೂ ಹೊಳೆಯತೊಡಗಿದ್ದವು.

ಇನ್ನೆರಡು ಎಚ್ಚರಿಕೆಗಳು. ಕೆಲವು ಕಾರುಗಳಲ್ಲಿ ಕ್ರ್ಯಾಂಕ್ ಸೆನ್ಸರ್ ಓದುವ ಹಲ್ಲುಗಳು ಈ ಪುಲ್ಲಿಯ ಬೆನ್ನಿಗೇ ಇರುತ್ತವೆ, ಅವಿಲ್ಲದ ಪುಲ್ಲಿ ಹಾಕಿದರೆ ಎಂಜಿನ್ನು ಶುರುವೇ ಆಗದು. ಹಲ್ಲುಗಳಿದ್ದರೂ, ಕ್ರ್ಯಾಂಕಿನ ವೇಗದ ಏರಿಳಿತವನ್ನು ನೋಡಿ ಮಿಸ್‌ಫೈರ್ (ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದಿರುವುದು) ಪತ್ತೆಹಚ್ಚುವ ಕಂಪ್ಯೂಟರು ಸುಳ್ಳು ದೂರನ್ನು, ಸಾಮಾನ್ಯವಾಗಿ ಪಿ0300 ಎಂಬ ದೋಷ ಸಂಕೇತವನ್ನು, ದಾಖಲಿಸಬಹುದು. ಮತ್ತು ಆಲ್ಟರ್ನೇಟರಿನ ಮೂಲ ಪುಲ್ಲಿ ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ ಇರುವಂಥದ್ದಾದರೆ ಅದನ್ನು ಮುಟ್ಟಬಾರದು. ಆಲ್ಟರ್ನೇಟರಿನ ಭಾರವಾದ ರೋಟರು ಬೆಲ್ಟನ್ನು ಎಳೆದಾಡದಿರಲೆಂದೇ ಅದನ್ನು ಹಾಗೆ ಮಾಡಿರುತ್ತಾರೆ.

ಐದಕ್ಕೆ ಎರಡು ಅಂಕ ಕೊಡುತ್ತೇನೆ, ಎರಡೂ ಕಡೆತದ ಕೆಲಸಕ್ಕೆ. ಕಾರ್ಖಾನೆಯಿಂದಲೇ ರಬ್ಬರಿಲ್ಲದ, ಗಟ್ಟಿ ಲೋಹದ ಕ್ರ್ಯಾಂಕ್ ಪುಲ್ಲಿ ಬಂದಿರುವ ಸಣ್ಣ ಎಂಜಿನ್ನಿಗೆ, ಅದೇ ವ್ಯಾಸದ, ಸೀಲಿನ ಜಾಗದಲ್ಲಿ ಉಕ್ಕಿರುವ ಹಗುರ ಪುಲ್ಲಿಯನ್ನು ಹಾಕಿಕೊಳ್ಳುವವರನ್ನು ನಾನು ತಡೆಯುವುದಿಲ್ಲ. ಆಕ್ಸಿಲರೇಟರಿನ ಆ ಚುರುಕು ಅವರಿಗೆ ನಿಜವಾಗಿಯೂ ಸಿಗುತ್ತದೆ. ಅದೇ ಚುರುಕು ಹೆಚ್ಚು ಬೇಕೆಂದರೆ, ಮುಂದೆ ಕ್ಲಚ್ ಬದಲಿಸುವ ದಿನ ಬಂದಾಗ ಒಂದೆರಡು ಕೆ.ಜಿ. ಕಡಿಮೆ ತೂಗುವ ಫ್ಲೈವೀಲನ್ನು ಹಾಕಿಸುವುದು ಲೆಕ್ಕಕ್ಕೆ ಹೆಚ್ಚು ನಿಲ್ಲುತ್ತದೆ, ಡ್ಯಾಂಪರೂ ತನ್ನ ಜಾಗದಲ್ಲಿ ಉಳಿಯುತ್ತದೆ.

ಹಳೆಯ ಡ್ಯಾಂಪರನ್ನೇ ಮರಳಿ ಹಾಕೋಣವೆಂದು ಹೊರಗೆ ತೆಗೆದಾಗ ಅದೇ ಮೆಕ್ಯಾನಿಕ್ ಅದರ ರಬ್ಬರಿನ ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದರು. ವಯಸ್ಸಾದ ರಬ್ಬರಿನಲ್ಲಿ ಸುತ್ತಲೂ ನವಿರಾದ ಬಿರುಕುಗಳು ಬಾಯಿಬಿಟ್ಟವು. ಹೊರಗಿನ ಬಳೆ ಗುಂಬದ ಮೇಲೆ ಜಾರಲು ಹೆಚ್ಚು ದಿನ ಬೇಕಿರಲಿಲ್ಲ. ಹೀಗಾಗಿ ಕಾರ್ಖಾನೆಯ ಹೊಸ ಡ್ಯಾಂಪರು, ಹೊಸ ಸೀಲು, ಹೊಸ ಬೋಲ್ಟು, 1,070ರ ಬೆಲ್ಟು ಎಲ್ಲವೂ ಸೇರಿ ಕಿಟ್ಟಿಗಿಂತ ಹೆಚ್ಚೇ ಖರ್ಚಾಯಿತು. ಎಲ್ಲ ದೀಪಗಳನ್ನೂ ಹಾಕಿ ನಿಂತಲ್ಲಿ ಅಳೆದರೆ ಈಗ 13.9 ವೋಲ್ಟ್ ಬರುತ್ತದೆ. ಆಲ್ಟರ್ನೇಟರಿನ ಅಲ್ಯೂಮಿನಿಯಂ ಪುಲ್ಲಿ ಇನ್ನೂ ಕಾರಿನಲ್ಲಿಯೇ ಇದೆ. ಅದರಿಂದ ಲಾಭವಿಲ್ಲ, ಕೇಡೂ ಕಂಡಿಲ್ಲ, ಬಿಚ್ಚುವ ಉತ್ಸಾಹವಂತೂ ಉಳಿದಿಲ್ಲ. ಬೆಲ್ಟ್ ಬದಲಿಸುವಾಗಲೆಲ್ಲ ಅದರ ತೋಡುಗಳ ಮೇಲೆ ಉಗುರು ಎಳೆದು ನೋಡುತ್ತೇನೆ.